ಹಿತ್ತಲಲ್ಲಿ ಬಡೇಸೋಪು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಬಿತ್ತನೆಯಿಂದ ಕೊಯ್ಲಿನವರೆಗೆ

ಬಡೇಸೋಪು ಬೆಳೆಸಬೇಕು ಅನ್ನುವವರು ಮೊದಲು ಮಣ್ಣು ಯಾವುದು, ಗೊಬ್ಬರ ಎಷ್ಟು ಅಂತ ಕೇಳುತ್ತಾರೆ. ನಮ್ಮ ಕಡೆ ಮೊದಲು ಕೇಳಬೇಕಾದದ್ದು ತಿಂಗಳು ಯಾವುದು ಅಂತ. ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಇದನ್ನೂ ಬಿತ್ತಿದರೆ ಗಿಡ ಹೆಚ್ಚು ಕಾಡದೆ ಬರುತ್ತದೆ. ಅದೇ ಬೀಜವನ್ನು ಫೆಬ್ರವರಿಯಲ್ಲಿ ಹಾಕಿದರೆ, ಎಷ್ಟೇ ಆರೈಕೆ ಮಾಡಿ, ಸಣಕಲಾಗಿ ಎದ್ದು, ಬೇಗ ಹೂ ಬಿಟ್ಟು ಒಣಗುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಇದನ್ನು ಸೊಪ್ಪಿಗಾಗಿ ಬೆಳೆಸಿ. ಕಾಳು ಬಂದರೆ ಅದು ಮೇಲಿನ ಲಾಭ. ಹೊಲದಲ್ಲಿ ಚೆನ್ನಾಗಿ ಬೆಳೆದ ಬೆಳೆಯಲ್ಲೇ ಒಂದು ಗಿಡಕ್ಕೆ ಸುಮಾರು 30 ಗ್ರಾಂ ಒಣ ಕಾಳು ಸಿಗುತ್ತದೆ. ವರ್ಷದ ಕಾಳು ಮನೆಯಲ್ಲೇ ಆಗಲಿ ಅಂದರೆ ಹಿತ್ತಲು ಪೂರ್ತಿ ಬಡೇಸೋಪೇ ಆಗಬೇಕಾಗುತ್ತದೆ. ಆದರೆ ಇದರ ಸೊಪ್ಪು ನಮ್ಮ ಸಂತೆಯಲ್ಲಿ ಸಿಗುವುದು ಕಡಿಮೆ. ಮೂರು ನಾಲ್ಕು ಗಿಡ ಇದ್ದರೆ ಒಂದು ಮನೆಗೆ ಚಳಿಗಾಲ ಪೂರ್ತಿ ಸಾಕು.

ಗಿಡದ ಸ್ವಭಾವ

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳು ಇದರ ಮೂಲ. ನಮ್ಮ ದೇಶದಲ್ಲಿ ಜಾಸ್ತಿ ಬೆಳೆಯುವುದು ಗುಜರಾತ್ ಮತ್ತು ರಾಜಸ್ಥಾನದಲ್ಲಿ. ಮೆಣಸಿನಕಾಯಿಗೆ ನಮ್ಮ ಬ್ಯಾಡಗಿ ಹೇಗೋ, ಜೀರಿಗೆ ಮತ್ತು ಬಡೇಸೋಪಿಗೆ ಗುಜರಾತಿನ ಊಂಝಾ ಮಾರುಕಟ್ಟೆ ಹಾಗೆ. ಕೊತ್ತಂಬರಿ, ಜೀರಿಗೆ, ಓಮಿನಕಾಳು, ಸಬ್ಬಸಿಗೆ, ಗಜ್ಜರಿ ಎಲ್ಲ ಇದರ ಬಳಗವೇ.

ಆ ಬಳಗದ ಗಜ್ಜರಿಯನ್ನು ನೆನಪಿಟ್ಟುಕೊಂಡರೆ ಅರ್ಧ ವಿಷಯ ತಿಳಿದಂತೆ. ಬಡೇಸೋಪಿಗೂ ನೇರವಾಗಿ ಕೆಳಗಿಳಿಯುವ ಒಂದು ತಾಯಿಬೇರು ಇದೆ. ಅದಕ್ಕೆ ಆಳ ಬೇಕು. ಕಿತ್ತು ಬೇರೆ ಕಡೆ ನೆಟ್ಟರೆ ಮುನಿಸಿಕೊಳ್ಳುತ್ತದೆ. ಗಿಡ ನಾಲ್ಕರಿಂದ ಆರು ಅಡಿ ಎತ್ತರ ಹೋಗುತ್ತದೆ. ಕಾಂಡದ ಒಳಗೆ ಗಟ್ಟಿ ತಿರುಳು ಇರುವುದಿಲ್ಲ, ಹಾಗಾಗಿ ಜೋರು ಗಾಳಿಗೆ ವಾಲುತ್ತದೆ. ಹಗಲು ಬಿಸಿಲು, ರಾತ್ರಿ ತಂಪು ಇದ್ದರೆ ಖುಷಿಯಾಗಿರುತ್ತದೆ. ನವೆಂಬರಿನಿಂದ ಜನವರಿಯವರೆಗೆ ನಮ್ಮಲ್ಲಿ ಇರುವುದು ಅದೇ ಹವೆ.

ಸಬ್ಬಸಿಗೆ ಮತ್ತು ಇದರ ಸೊಪ್ಪನ್ನು ದೂರದಿಂದ ನೋಡಿದರೆ ಗುರುತು ಹತ್ತುವುದಿಲ್ಲ. ಹತ್ತಿರ ಹೋಗಿ ಬುಡ ನೋಡಿ. ಬಡೇಸೋಪಿನ ಎಲೆದಂಟುಗಳು ಬುಡದಲ್ಲಿ ಅಗಲವಾಗಿ ಒಂದನ್ನೊಂದು ಅಪ್ಪಿಕೊಂಡಿರುತ್ತವೆ. ಅದಕ್ಕಿಂತ ಸುಲಭ, ಒಂದೆಳೆ ಹರಿದು ಬೆರಳಲ್ಲಿ ತಿಕ್ಕಿ ಮೂಸಿ. ಊಟ ಆದ ಮೇಲೆ ಬಾಯಿಗೆ ಹಾಕಿಕೊಳ್ಳುವ ಕಾಳಿನ ಸಿಹಿ ವಾಸನೆಯೇ ಬರುತ್ತದೆ.

ಯಾವಾಗ ಬಿತ್ತಬೇಕು

ಹಸ್ತ ಮಳೆಯಿಂದ ಚಿತ್ತಾ ಮಳೆಯೊಳಗೆ. ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೆಯ ವಾರದವರೆಗೆ. ಗಣಪತಿ ಹಬ್ಬ ಮುಗಿದ ಮೇಲೆ ಮಣ್ಣು ತಯಾರಿ, ದಸರೆಯ ಆಸುಪಾಸಿನಲ್ಲಿ ಬೀಜ ಅಂತ ಇಟ್ಟುಕೊಳ್ಳಿ. ದೀಪಾವಳಿಗೆ ಬಿತ್ತಿದರೂ ಸೊಪ್ಪು ಬರುತ್ತದೆ, ಆದರೆ ಕಾಳು ತುಂಬುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಕಾಳು ಸಣ್ಣದಾಗುತ್ತದೆ.

ಲೆಕ್ಕ ಹೀಗಿದೆ. ಮೊಳಕೆಗೆ ಒಂದರಿಂದ ಎರಡು ವಾರ. ಎರಡು ತಿಂಗಳಿಗೆ ಸೊಪ್ಪು ಕೈಗೆ ಹತ್ತುತ್ತದೆ. ಮೂರು ತಿಂಗಳ ನಂತರ ಹೂ. ಕಾಳು ಪೂರ್ತಿ ಬಲಿಯುವುದು ಐದರಿಂದ ಆರು ತಿಂಗಳಿಗೆ. ಅಕ್ಟೋಬರ್ ಮೊದಲಲ್ಲಿ ಬಿತ್ತಿದ್ದರೆ ಎಳ್ಳು ಅಮಾವಾಸ್ಯೆಯ ಚರಗದ ಹೊತ್ತಿಗೆ ಸೊಪ್ಪು ತುಂಬಿರುತ್ತದೆ, ಸಂಕ್ರಾಂತಿ ಆದ ಮೇಲೆ ಹೂ, ಹೋಳಿ ಹುಣ್ಣಿಮೆಯಿಂದ ಯುಗಾದಿವರೆಗೆ ಕಾಳು.

ಮಳೆಗಾಲದಲ್ಲಿ ಬಿತ್ತಬಹುದಾ ಅಂತ ಕೇಳುವವರಿದ್ದಾರೆ. ಗುಜರಾತಿನಲ್ಲಿ ಮುಂಗಾರಿನಲ್ಲಿ ಸಸಿ ಮಾಡಿ ನೆಡುವ ಪದ್ಧತಿಯೂ ಇದೆ. ಆದರೆ ಧಾರವಾಡದ ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲೇ ಕಾಣದ ದಿನಗಳಿರುತ್ತವೆ. ಎಳೆ ಸಸಿಗಳ ಬುಡ ಕೊಳೆಯುವುದು ಆಗಲೇ. ಗದಗ, ನವಲಗುಂದ ಕಡೆ ಮಳೆ ಕಡಿಮೆ, ಅಲ್ಲಿಯವರು ಮಳೆ ಹನಿ ನೇರ ಬೀಳದ ಜಾಗದಲ್ಲಿ ಕುಂಡ ಇಟ್ಟು ಪ್ರಯತ್ನಿಸಬಹುದು. ನನ್ನನ್ನು ಕೇಳಿದರೆ ಆ ತಂಟೆಯೇ ಬೇಡ.

ಬೀಜ ಎಲ್ಲಿಂದ

ಕಿರಾಣಿ ಅಂಗಡಿಯ ಕಾಳನ್ನೇ ಬಿತ್ತಬಹುದು, ಆದರೆ ಯಾವ ಕಾಳು ಅನ್ನುವುದು ಮುಖ್ಯ. ಹುಬ್ಬಳ್ಳಿ ದುರ್ಗದಬೈಲಿನ ಕಡೆ ಅಂಗಡಿಯಲ್ಲಿ ಬಡೇಸೋಪು ಕೊಡಿ ಅಂದರೆ, "ಸಣ್ಣಂದು ಬೇಕೋ, ದಪ್ಪಂದು ಬೇಕೋರಿ?" ಅಂತ ಕೇಳುತ್ತಾರೆ. ಸಣ್ಣದು, ಎಲೆಹಸಿರು ಬಣ್ಣದ್ದು, ಬಾಯಿಗೆ ಹಾಕಿಕೊಳ್ಳಲಿಕ್ಕೆ. ಅದನ್ನು ಇನ್ನೂ ಎಳೆಯದಾಗಿರುವಾಗಲೇ ಕೊಯ್ದು ನೆರಳಲ್ಲಿ ಒಣಗಿಸಿರುತ್ತಾರೆ. ಒಳಗಿನ ಬೀಜ ಬಲಿತಿರುವುದಿಲ್ಲ, ಮೊಳಕೆ ಬರುವುದು ಅನುಮಾನ. ದಪ್ಪದು, ಸ್ವಲ್ಪ ಹಳದಿ-ಕಂದು ಇರುವುದು ಮಸಾಲೆಗೆ ಹಾಕುವಂಥದ್ದು. ಬಿತ್ತಲಿಕ್ಕೆ ಅದನ್ನು ತನ್ನಿ. ಹುರಿದದ್ದು, ಸಕ್ಕರೆ ಹಚ್ಚಿದ್ದು ಬಿತ್ತನೆಗೆ ಬರುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಪ್ಯಾಕೆಟ್ ಬೀಜ ಸಿಕ್ಕರೆ ಇನ್ನೂ ಒಳ್ಳೆಯದು. ಗುಜರಾತ್ ಫೆನೆಲ್ 1, ಗುಜರಾತ್ ಫೆನೆಲ್ 2, ಅಜ್ಮೇರ್ ಫೆನೆಲ್ 1, ಕೊಯಮತ್ತೂರಿನ ಸಿಒ 1 ಇವೆಲ್ಲ ನಮ್ಮ ದೇಶದಲ್ಲೇ ಬಿಡುಗಡೆಯಾದ ತಳಿಗಳು. ಅಜ್ಮೇರ್ ಹತ್ತಿರದ ತಬೀಜಿಯಲ್ಲಿ ಜೀರಿಗೆ, ಕೊತ್ತಂಬರಿ, ಬಡೇಸೋಪಿನಂಥ ಬೀಜದ ಮಸಾಲೆ ಬೆಳೆಗಳಿಗೆಂದೇ ಕೇಂದ್ರ ಸರಕಾರದ ಸಂಶೋಧನಾ ಸಂಸ್ಥೆ ಇದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಬಿತ್ತನೆಗೆ ಸ್ವಲ್ಪ ಮುಂಚೆ ನಡೆಯುತ್ತದೆ. ಹೇಗಿದ್ದರೂ ಹೋಗುವವರು ಅಲ್ಲಿನ ಬೀಜದ ಮಳಿಗೆಗಳಲ್ಲಿ ಒಂದು ಮಾತು ವಿಚಾರಿಸಿ.

ಆನ್‌ಲೈನ್‌ನಲ್ಲಿ ತರಿಸುವವರಿಗೆ ಒಂದು ಸೂಚನೆ. "ಫ್ಲೋರೆನ್ಸ್ ಫೆನೆಲ್" ಅಂತ ಬರೆದಿದ್ದರೆ ಅದು ಬುಡದಲ್ಲಿ ಗಡ್ಡೆಯಂತೆ ಉಬ್ಬುವ ಜಾತಿ. ಇಟಲಿಯವರು ಅದನ್ನು ತರಕಾರಿಯಾಗಿ ತಿನ್ನುತ್ತಾರೆ. ಸೊಪ್ಪನ್ನೂ ತಿನ್ನಬಹುದು, ಕೆಟ್ಟದ್ದೇನಲ್ಲ. ಆದರೆ ಗಡ್ಡೆ ದಪ್ಪಗಾಗಲು ಉದ್ದನೆಯ ತಂಪು ಕಾಲ ಬೇಕು. ನಮ್ಮಲ್ಲಿ ಅಕ್ಟೋಬರಿನಲ್ಲೇ ಬಿತ್ತಿ, ನೀರು ತಪ್ಪಿಸದೆ, ಬುಡಕ್ಕೆ ಮಣ್ಣು ಏರಿಸುತ್ತ ಹೋದರೆ ಮುಷ್ಟಿಯಷ್ಟು ಆಗಬಹುದು. ಸ್ವಲ್ಪ ಬಿಸಿ ತಾಕಿತೋ, ಗಡ್ಡೆ ಬಿಟ್ಟು ಹೂವಿನ ದಂಟು ಎಬ್ಬಿಸುತ್ತದೆ. ಮೊದಲ ವರ್ಷಕ್ಕೆ ಸಾದಾ ಜಾತಿಯೇ ಇರಲಿ.

ಬೀಜ ತಂದ ಮೇಲೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಆರದಂತೆ ನೋಡಿಕೊಂಡು ಹತ್ತು ಹನ್ನೆರಡು ದಿನ ಇಡಿ. ಆರು ಕಾಳಿಗೆ ಮೊಳಕೆ ಬಂದರೂ ಬಿತ್ತಲು ಅಡ್ಡಿಯಿಲ್ಲ. ಎರಡು ಮೂರಕ್ಕಷ್ಟೇ ಬಂದರೆ ಅದನ್ನು ಅಡುಗೆಗೆ ಬಳಸಿ, ಬೇರೆ ತನ್ನಿ. ಹಳೆಯ ಕಾಳು ನೋಡಲು ಚೆಂದವೇ ಇರುತ್ತದೆ, ಎರಡು ಮೂರು ವರ್ಷ ಕಳೆದರೆ ಮೊಳೆಯುವ ಶಕ್ತಿ ಇಳಿದಿರುತ್ತದೆ.

ಜಾಗ ಮತ್ತು ಮಣ್ಣು

ದಿನಕ್ಕೆ ಆರು ತಾಸು ನೇರ ಬಿಸಿಲು ಬೀಳುವ ಜಾಗ ಬೇಕು. ತೆಂಗಿನ ಮರದ ಬುಡ, ಎರಡು ಗೋಡೆಗಳ ನಡುವಿನ ಸಂದಿ ಆಗುವುದಿಲ್ಲ. ಗಿಡ ಎತ್ತರವಾಗುವುದರಿಂದ ಅಂಗಳದ ಉತ್ತರದ ಅಂಚಿಗೆ ಹಾಕಿದರೆ ಉಳಿದ ಗಿಡಗಳಿಗೆ ನೆರಳಾಗುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನಲ್ಲ, ನೆರಳು ಉತ್ತರಕ್ಕೇ ಬೀಳುತ್ತದೆ.

ಮಣ್ಣಿನ ವಿಷಯದಲ್ಲಿ ನಮ್ಮ ಭಾಗದಲ್ಲಿ ಎರಡು ಲೋಕ ಇವೆ. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ಕಡೆಗೆ ಕೆಂಪು ಮಸಾರಿ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ ಕಡೆ ಹೋದಂತೆ ಎರಿ ಮಣ್ಣು. ಹಾವೇರಿ ಜಿಲ್ಲೆಯಲ್ಲಿ ಎರಡೂ ಸಿಗುತ್ತವೆ.

ಮಸಾರಿ ಇದ್ದವರ ಕೆಲಸ ಸುಲಭ. ಒಂದೂವರೆ ಅಡಿ ಆಳ ಅಗೆದು, ಕಲ್ಲು ತೆಗೆದು, ಒಂದು ಚದರ ಮೀಟರಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿದರೆ ಮುಗಿಯಿತು. ಕಲ್ಲು ಬಿಟ್ಟರೆ ತಾಯಿಬೇರು ಸೀಳುತ್ತದೆ, ಅದಕ್ಕೇ ಅಷ್ಟು ಆಳ. ಹಸಿ ಸಗಣಿ ಹಾಕಬೇಡಿ, ಗೆದ್ದಲನ್ನು ಕೈಬೀಸಿ ಕರೆದಂತೆ ಆಗುತ್ತದೆ.

ಎರಿ ಮಣ್ಣಿನವರು ಹೆದರುವ ಕಾರಣವಿಲ್ಲ. ಬಡೇಸೋಪಿಗೆ ಸುಣ್ಣದ ಅಂಶ ಇರುವ ಮಣ್ಣು ಒಗ್ಗುತ್ತದೆ. ಮಣ್ಣಿನ ರಸಸಾರ (ಪಿಎಚ್) 6.5ರಿಂದ 8ರವರೆಗೆ ಇದ್ದರೂ ನಡೆಯುತ್ತದೆ. ಎರಿ ಮಣ್ಣಿನ ತೊಂದರೆ ಬೇರೆ. ನೀರು ಜಾಸ್ತಿಯಾದರೆ ಕೆಸರಾಗಿ ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಒಣಗಿದರೆ ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ಎರಡಕ್ಕೂ ಮದ್ದು ಏರು ಮಡಿ. ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರ ಮಾಡಿ, ಎರಡು ಬುಟ್ಟಿ ಎರಿ ಮಣ್ಣಿಗೆ ಒಂದು ಬುಟ್ಟಿ ಮಸಾರಿ, ಒಂದು ಬುಟ್ಟಿ ಗೊಬ್ಬರ ಬೆರೆಸಿ. ಮೇಲೆ ಹೊದಿಕೆ ಹಾಕಿದರೆ ಬಿರುಕು ಬಿಡುವುದು ಬಹಳ ಕಡಿಮೆಯಾಗುತ್ತದೆ. ಮರಳೊಂದನ್ನೇ ಸ್ವಲ್ಪ ಸುರಿದು ಎರಿ ಮಣ್ಣನ್ನು ಹಗುರ ಮಾಡಲು ಹೋಗಬೇಡಿ, ಒಣಗಿದಾಗ ಇನ್ನೂ ಗಟ್ಟಿಯಾಗುತ್ತದೆ. ಹಗುರ ಮಾಡುವುದು ಗೊಬ್ಬರ.

ಟೆರೇಸ್ ಮೇಲೆ ಬೆಳೆಸುವವರು ಕುಂಡದ ಅಗಲ ನೋಡಬೇಡಿ, ಆಳ ನೋಡಿ. ಒಂದು ಅಡಿ ಆಳ ಕನಿಷ್ಠ, ಒಂದೂವರೆ ಅಡಿ ಇದ್ದರೆ ನೆಮ್ಮದಿ. ಹನ್ನೆರಡು ಇಂಚಿನ ಗ್ರೋ ಬ್ಯಾಗಿಗೆ ಒಂದೇ ಗಿಡ. ಹಳೆಯ ಬಣ್ಣದ ಡಬ್ಬಿಯನ್ನು ಚೆನ್ನಾಗಿ ತೊಳೆದು ತಳಕ್ಕೆ ನಾಲ್ಕೈದು ತೂತು ಹೊಡೆದರೂ ಆಗುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಮರಳು. ಎಂ ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ಪುಡಿ ತೆಗೆಯಿರಿ, ಆ ಪುಡಿ ತಳದಲ್ಲಿ ಕೂತು ನೀರು ಹರಿಯದಂತೆ ಮಾಡುತ್ತದೆ. ಒಂದು ಹಿಡಿ ಬೇವಿನ ಹಿಂಡಿ, ಒಂದು ಚಮಚ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಪುಡಿ ಸೇರಿಸಿದರೆ ಬುಡ ಕೊಳೆಯುವುದಕ್ಕೆ ಸ್ವಲ್ಪ ತಡೆ.

ಬಿತ್ತುವುದು

ಹಿಂದಿನ ರಾತ್ರಿ ಕಾಳನ್ನು ನೀರಲ್ಲಿ ನೆನೆಸಿ. ಬೆಳಿಗ್ಗೆ ನೀರು ಬಸಿದು ಸ್ವಲ್ಪ ಆರಲು ಬಿಡಿ, ಕೈಗೆ ಅಂಟದಂತಾದರೆ ಸಾಕು.

ನೆಲದಲ್ಲಾದರೆ ಒಂದೂವರೆ ಅಡಿಗೆ ಒಂದು ಗುರುತು ಹಾಕಿ, ಒಂದೊಂದು ಗುರುತಿಗೆ ಮೂರು ನಾಲ್ಕು ಕಾಳು ಹಾಕಿ. ಆಳ ಒಂದು ಸೆಂಟಿಮೀಟರ್, ಅಂದರೆ ಬೆರಳ ಉಗುರು ಮುಳುಗುವಷ್ಟು. ಮೇಲೆ ಪುಡಿ ಗೊಬ್ಬರ ಉದುರಿಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ. ನೀರನ್ನು ಝಾರಿಯಲ್ಲೇ ಹಾಕಿ. ಪೈಪಿನಲ್ಲಿ ಬಿಟ್ಟರೆ ಕಾಳೆಲ್ಲ ತೇಲಿ ಒಂದು ಮೂಲೆ ಸೇರುತ್ತವೆ.

ಮೊಳಕೆ ಕಾಣುವವರೆಗೆ ಮೇಲ್ಮಣ್ಣು ಒಣಗಬಾರದು. ಅಕ್ಟೋಬರ್ ಬಿಸಿಲು ಮಧ್ಯಾಹ್ನ ಚುರುಕಾಗಿರುತ್ತದೆ. ಹಾಗಾಗಿ ಒದ್ದೆ ಗೋಣಿಚೀಲ ಹೊದಿಸಿಡಿ, ಏಳನೇ ದಿನದಿಂದ ದಿನಾ ಎತ್ತಿ ನೋಡಿ, ಮೊದಲ ಹಸಿರು ಕಂಡ ತಕ್ಷಣ ತೆಗೆದುಬಿಡಿ. ಇರುವೆಗಳು ಕಾಳನ್ನು ಹೊತ್ತೊಯ್ಯುವ ಜಾಗವಾದರೆ ಮಡಿಯ ಸುತ್ತ ಬೇವಿನ ಹಿಂಡಿ ಉದುರಿಸಿ ನೋಡಿ.

ಒಮ್ಮೆಗೇ ಎಲ್ಲ ಬಿತ್ತುವ ಬದಲು ಮೂರು ವಾರದ ಅಂತರದಲ್ಲಿ ಎರಡು ಕಂತು ಮಾಡಿದರೆ ಎಳೆ ಸೊಪ್ಪು ಹೆಚ್ಚು ದಿನ ಸಿಗುತ್ತದೆ. ಎರಡನೇ ಕಂತನ್ನು ಸೊಪ್ಪಿಗೆ ಮಾತ್ರ ಇಟ್ಟುಕೊಳ್ಳಿ.

ಟ್ರೇಯಲ್ಲಿ ಸಸಿ ಮಾಡಲೇಬೇಕು ಅನ್ನುವವರು ಕಾಗದದ ಲೋಟದಲ್ಲಿ ಮಾಡಿ, ನಾಲ್ಕು ವಾರದೊಳಗೆ ಲೋಟದ ತಳ ಹರಿದು ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ. ಬೇರು ಸುತ್ತಿಕೊಂಡ ಸಸಿ ನೆಟ್ಟರೆ ಅದು ಬೆಳೆಯುವ ಬದಲು ಬೇಗ ಹೂ ಬಿಡುತ್ತದೆ.

ಸಸಿಯಿಂದ ಗಿಡ

ಮೊದಲು ಬರುವ ಎರಡು ಎಲೆ ಹುಲ್ಲಿನ ಹಾಗೆ ಉದ್ದ, ಸಣ್ಣ. ಇದು ಕಸ ಅಂತ ಕಿತ್ತುಬಿಡುವವರು ಬಹಳ. ವಾರದ ನಂತರ ಮೂಡುವ ಮೂರನೆಯ ಎಲೆಯಲ್ಲೇ ನವಿರು ಎಳೆಗಳು ಕಾಣುತ್ತವೆ. ನಮ್ಮಲ್ಲಿ ಎಲ್ಲೆಂದರಲ್ಲಿ ಏಳುವ ಕಾಂಗ್ರೆಸ್ ಕಸದ ಮೊದಲ ಎಲೆ ಹೀಗಿರುವುದಿಲ್ಲ, ದುಂಡಗೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಆ ಕಸವನ್ನು ಇನ್ನೂ ಎಳೆಯದಾಗಿರುವಾಗಲೇ ಕೀಳಿ. ಕೈಗೆ ತುರಿಕೆ ಬರುವವರು ಗ್ಲೌಸ್ ಹಾಕಿಕೊಳ್ಳಿ.

ಬಡೇಸೋಪಿನ ಒಂದು ಕಾಳು ಅಂದರೆ ಅಂಟಿಕೊಂಡ ಎರಡು ಬೀಜ. ಕೊತ್ತಂಬರಿಯ ಹಾಗೆಯೇ. ಆದ್ದರಿಂದ ಮೂರು ಕಾಳು ಹಾಕಿದ ಕಡೆ ಐದಾರು ಸಸಿ ಎದ್ದರೆ ಆಶ್ಚರ್ಯ ಪಡಬೇಡಿ. ನಾಲ್ಕು ಇಂಚು ಎತ್ತರ ಬಂದಾಗ ಗಟ್ಟಿಯಾದ ಒಂದನ್ನು ಬಿಟ್ಟು ಉಳಿದವನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಉಳಿಯುವ ಸಸಿಯ ಬೇರೂ ಅಲುಗುತ್ತದೆ. ಜೀವ ಇರುವುದನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ ನಿಜ. ಆದರೆ ಗುಂಪಾಗಿ ಬಿಟ್ಟರೆ ಒಂದೂ ಗಿಡವಾಗುವುದಿಲ್ಲ. ಕತ್ತರಿಸಿದ್ದು ಅವತ್ತಿನ ಮಜ್ಜಿಗೆಗೆ ಆಯಿತು, ಅಲ್ವಾ?

ನೀರು: ಮೊದಲ ತಿಂಗಳು ದಿನಾ ಸ್ವಲ್ಪ. ಬೇರು ಇಳಿದ ಮೇಲೆ ನೆಲದ ಗಿಡಕ್ಕೆ ನಾಲ್ಕೈದು ದಿನಕ್ಕೊಮ್ಮೆ ಚೆನ್ನಾಗಿ ಇಳಿಯುವಷ್ಟು, ಕುಂಡಕ್ಕೆ ದಿನ ಬಿಟ್ಟು ದಿನ. ಎರಿ ಮಣ್ಣಿಗೆ ಇನ್ನೂ ಕಡಿಮೆ ಸಾಕು. ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ತಂಪಿದ್ದರೆ ಅವತ್ತು ಬೇಡ. ಹೂ ಬರುವಾಗ ಮತ್ತು ಕಾಳು ತುಂಬುವಾಗ ಮಾತ್ರ ನೀರು ತಪ್ಪಿಸಬೇಡಿ. ನಲ್ಲಿ ನೀರು ದಿನಾ ಬರದ ಓಣಿಯವರು ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಹಾಕಬಹುದು, ಸಾಬೂನಿನ ನೀರು ಬೇಡ. ಗದಗ, ನವಲಗುಂದ ಕಡೆ ಬೋರ್ ನೀರು ಸವಳಾಗಿದ್ದರೆ ಕುಂಡದ ಅಂಚಿಗೆ ಬಿಳಿ ಪುಡಿ ಕೂರುತ್ತದೆ. ಹಾಗೆ ಕಂಡರೆ ತಿಂಗಳಿಗೊಮ್ಮೆ ಸಿಹಿನೀರನ್ನು ತಳದಿಂದ ಹರಿದು ಹೋಗುವಷ್ಟು ಸುರಿಯಿರಿ.

ಹೊದಿಕೆಗೆ ನಮ್ಮಲ್ಲಿ ಬರವಿಲ್ಲ. ಜೋಳದ ಕಣಿಕೆಯ ತುಂಡು, ಒಣ ಎಲೆ, ಶೇಂಗಾ ಹೊಟ್ಟು ಯಾವುದಾದರೂ ಆಗುತ್ತದೆ. ಎರಡು ಇಂಚು ದಪ್ಪ ಹಾಕಿ, ಕಾಂಡಕ್ಕೆ ತಾಕದಂತೆ ನಾಲ್ಕು ಬೆರಳು ಜಾಗ ಬಿಡಿ. ಶೇಂಗಾ ಹೊಟ್ಟಿಗೆ ಗೆದ್ದಲು ಬೇಗ ಬರುತ್ತದೆ, ಆಗಾಗ ಕೈಯಾಡಿಸಿ ನೋಡುತ್ತಿರಿ.

ಗೊಬ್ಬರ: ತಿಂಗಳಿಗೊಮ್ಮೆ ಗಿಡಕ್ಕೊಂದು ಹಿಡಿ ಎರೆಹುಳು ಗೊಬ್ಬರ. ಜೀವಾಮೃತ ಮಾಡುವವರು ಹತ್ತು ಪಾಲು ನೀರು ಬೆರೆಸಿ ಹಾಕಬಹುದು. ಇದಕ್ಕಿಂತ ಜಾಸ್ತಿ ಬೇಡ. ಯೂರಿಯಾ ಹಾಕಿದರೆ ಸೊಪ್ಪು ದಂಡಿಯಾಗಿ ಬರುತ್ತದೆ, ಆದರೆ ಎಲೆ ಮೆತ್ತಗಾಗಿ ಗಿಡದ ರಸ ಹೀರುವ ಹೇನು ಮುತ್ತಿಕೊಳ್ಳುತ್ತವೆ.

ಗಿಡ ಎರಡು ಅಡಿ ದಾಟಿದ ಮೇಲೆ ಊರುಗೋಲು ಕೊಡಿ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಯಾವುದಾದರೂ ಸರಿ. ಬುಡಕ್ಕೆ ಗೇಣುದ್ದ ಮಣ್ಣು ಏರಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿ ವಿದ್ಯುತ್ ಕಂಬ ನಿಲ್ಲಿಸಿರುವುದು ಸುಮ್ನೆ ಅಲ್ಲ. ಗದಗಿನ ಬಯಲಿನವರು, ಮೂರನೇ ಮಹಡಿಯ ಟೆರೇಸಿನವರು ಮೂರು ಕಡೆಯಿಂದ ಕಟ್ಟಲೇಬೇಕು.

ಪಕ್ಕದಲ್ಲಿ ಏನಿರಬೇಕು ಅನ್ನುವುದರ ಬಗ್ಗೆ ಬಹಳ ಮಾತು ಕೇಳುತ್ತೇವೆ. ಬಡೇಸೋಪಿನ ಹತ್ತಿರ ಟೊಮೆಟೊ, ಬೀನ್ಸ್ ಬರುವುದಿಲ್ಲ ಅಂತ ತೋಟ ಮಾಡುವವರು ಹೇಳುತ್ತಾರೆ. ಇದರ ರಸ ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದ್ದೂ ಇದೆ. ನೆಲದಲ್ಲಿ ಅದರ ಪರಿಣಾಮಕ್ಕಿಂತ ನೆರಳು ಮತ್ತು ಬೇರಿನ ಪೈಪೋಟಿ ದೊಡ್ಡದು ಅನ್ನುವುದು ನನ್ನ ಅನಿಸಿಕೆ. ಯಾವ ಕಾರಣವೇ ಇರಲಿ, ಎರಡು ಅಡಿ ದೂರ ಇಟ್ಟರೆ ತಕರಾರಿಲ್ಲ. ಕೊತ್ತಂಬರಿ ಮಡಿಯನ್ನು ಮಾತ್ರ ಇನ್ನೂ ದೂರ ಇಡಿ, ಇವೆರಡಕ್ಕೂ ಬರುವ ಹೇನು ಒಂದೇ.

ಸೊಪ್ಪು ಕೊಯ್ಯುವುದು

ಗಿಡ ಒಂದೂವರೆ ಅಡಿ ಆದ ಮೇಲೆ ಶುರು ಮಾಡಿ. ಹೊರಗಿನ ಎಲೆದಂಟನ್ನು ಬುಡದ ಹತ್ತಿರ ಕತ್ತರಿಸಿ, ನಡುವಿನ ಕುಡಿಯನ್ನು ಮುಟ್ಟಬೇಡಿ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೊಯ್ದರೆ ಘಮ ಚೆನ್ನಾಗಿರುತ್ತದೆ.

ಒಣಗಿಸಿದ ಸೊಪ್ಪಿಗೆ ರುಚಿಯಿಲ್ಲ, ಆ ಕೆಲಸ ಬೇಡ. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ನಾಲ್ಕೈದು ದಿನ ಇರುತ್ತದೆ.

ಅಡುಗೆಯಲ್ಲಿ ಒಂದೇ ನಿಯಮ: ಕೊನೆಗೆ ಹಾಕಿ. ಕುದಿಸಿದರೆ ಘಮ ಹಾರಿಹೋಗುತ್ತದೆ. ರೊಟ್ಟಿಯ ಜೊತೆ ಮಾಡುವ ಪಚಡಿಗೆ ಮೆಂತ್ಯೆ ಸೊಪ್ಪಿನ ಜೊತೆ ಒಂದು ಹಿಡಿ ಇದನ್ನೂ ಹೆಚ್ಚಿ ಹಾಕಿ, ಮೇಲೆ ಶೇಂಗಾ ಪುಡಿ, ಹಸಿ ಎಣ್ಣೆ. ಸೌತೆಕಾಯಿ ಮೊಸರು ಬಜ್ಜಿಗೆ, ಹೆಸರುಬೇಳೆ ಕೋಸಂಬರಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಥಾಲಿಪೆಟ್ಟಿನ ಹಿಟ್ಟಿಗೆ ಸಬ್ಬಸಿಗೆ ಹಾಕುವವರು ಅರ್ಧ ಅದು, ಅರ್ಧ ಇದು ಮಾಡಿ ನೋಡಿ. ಸಬ್ಬಸಿಗೆಯ ಪಲ್ಯದ ಹಾಗೆ ಇದರದೇ ಪಲ್ಯ ಮಾಡಲು ಮಾತ್ರ ಹೋಗಬೇಡಿ, ಸಿಹಿ ಜಾಸ್ತಿಯಾಗಿ ಎರಡನೇ ತುತ್ತಿಗೆ ಬೇಸರ ಬರುತ್ತದೆ. ಬಲಿತ ದಂಟನ್ನು ಎಸೆಯದೆ ಕಷಾಯಕ್ಕೆ ಬಳಸಬಹುದು. ಗರ್ಭಿಣಿಯರು ಔಷಧಿಯಂತೆ ಜಾಸ್ತಿ ಕುಡಿಯುವ ಮೊದಲು, ಹಸುಗೂಸುಗಳಿಗೆ ಇದರ ನೀರು ಕೊಡುವ ಮೊದಲು ವೈದ್ಯರನ್ನು ಕೇಳಿ.

ಸೊಪ್ಪಷ್ಟೇ ಸಾಕು ಅನ್ನುವವರು ಹೂವಿನ ದಂಟು ಎದ್ದ ಕೂಡಲೇ ಕತ್ತರಿಸುತ್ತಿರಿ. ಇನ್ನೂ ಒಂದು ತಿಂಗಳು ಎಲೆ ಸಿಗುತ್ತದೆ. ಒಂದೆರಡು ಗಿಡವನ್ನಾದರೂ ಹೂವಿಗೆ ಬಿಡಿ. ಹಳದಿ ಹೂಗೊಂಚಲಿಗೆ ಜೇನು, ಸಣ್ಣ ಕಣಜ, ಗುಲಗಂಜಿ ಹುಳು ಎಲ್ಲ ಬರುತ್ತವೆ. ಅದರ ಲಾಭ ಪಕ್ಕದ ಬದನೆ, ಸೌತೆಗೂ ಸಿಗುತ್ತದೆ.

ಹೇನು, ಬೂದಿ, ಕೊಳೆ

ಹೇನು ಬಂದೇ ಬರುತ್ತದೆ. ಜನವರಿ, ಫೆಬ್ರವರಿಯಲ್ಲಿ ಎರಡು ದಿನ ಮೋಡ ಕವಿದರೆ ಸಾಕು, ಹೂಗೊಂಚಲಿನ ಕೆಳಗೆ ಹಸಿರು-ಹಳದಿ ಚುಕ್ಕೆಗಳ ಹಾಗೆ ಗುಂಪು ಕೂತಿರುತ್ತದೆ. ಎಲೆ ಜಿಗುಟಾಗುತ್ತದೆ, ಇರುವೆ ಸಾಲು ಹತ್ತುತ್ತದೆ. ಶುರುವಿನಲ್ಲಿ ಗೊಂಚಲನ್ನು ಕೈಯಲ್ಲಿ ಹಿಡಿದು ನೀರನ್ನು ಜೋರಾಗಿ ಹೊಡೆದರೆ ಬಹಳಷ್ಟು ಉದುರುತ್ತವೆ. ಮೂರು ದಿನ ಬಿಟ್ಟು ಮತ್ತೆ ಹೊಡೆಯಿರಿ. ಅದಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸಾಬೂನು ದ್ರಾವಣ ಕಲಸಿ ಸಂಜೆ ಸಿಂಪಡಿಸಿ. ಹಗಲಲ್ಲಿ ಬೇಡ, ಜೇನು ಓಡಾಡುತ್ತಿರುತ್ತವೆ. ಗುಲಗಂಜಿ ಹುಳು ಕಂಡರೆ ಒಂದು ವಾರ ಏನೂ ಮಾಡದೆ ಕಾಯಿರಿ. ಅದರ ಮರಿ ನೋಡಲು ಕಪ್ಪು, ಮುಳ್ಳುಮುಳ್ಳಾಗಿ ಇರುತ್ತದೆ. ಕೆಟ್ಟ ಹುಳು ಅಂತ ಹಿಸುಕಬೇಡಿ, ಹೇನು ತಿನ್ನುವುದು ಅದೇ. ಕಾಳು ಕಟ್ಟಿದ ಮೇಲೆ ಬೇವಿನೆಣ್ಣೆ ಹೊಡೆದರೆ ಕಾಳಿಗೆ ಕಹಿ ವಾಸನೆ ಅಂಟುತ್ತದೆ, ಆಗ ಬರೀ ನೀರೇ ಗತಿ.

ಬೂದಿ ರೋಗ ಫೆಬ್ರವರಿಯಿಂದ. ಎಲೆ ಮೇಲೆ ಹಿಟ್ಟು ಉದುರಿದಂತೆ ಕಾಣುತ್ತದೆ. ಗಿಡ ಒತ್ತೊತ್ತಾಗಿದ್ದರೆ ಬೇಗ ಹರಡುತ್ತದೆ. ತಾಕಿದ ಎಲೆಗಳನ್ನು ಕತ್ತರಿಸಿ ಹೊರಗೆ ಹಾಕಿ. ಸೊಪ್ಪು ತಿನ್ನುವ ಗಿಡಕ್ಕೆ ಅಷ್ಟೇ ಸಾಕು. ಕಾಳಿಗೆ ಬಿಟ್ಟ ಗಿಡವಾದರೆ ನೀರಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಹಾಕಿ ಒಮ್ಮೆ ಸಿಂಪಡಿಸಬಹುದು. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದು ಎರಡು ವಾರ ಆಗದೆ ಗಂಧಕ ಹೊಡೆಯಬೇಡಿ.

ಬುಡ ಕೊಳೆತು ಗಿಡ ಬಾಗಿದರೆ ಮದ್ದಿಲ್ಲ, ಕಿತ್ತು ಹಾಕಿ ನೀರು ಕಡಿಮೆ ಮಾಡಿ. ಧಾರವಾಡದವರಿಗೆ ಮಂಗಗಳ ಕಾಟ ಬೇರೆ ಇದೆ. ಅವು ಸೊಪ್ಪು ತಿನ್ನುವುದಕ್ಕಿಂತ ಗಿಡ ಹಿಡಿದು ಜಗ್ಗುವುದೇ ಜಾಸ್ತಿ, ಬಲೆ ಕಟ್ಟುವುದೊಂದೇ ದಾರಿ.

ಕಾಳಿನ ಕೊಯ್ಲು

ಎಲ್ಲ ಗೊಂಚಲು ಒಟ್ಟಿಗೆ ಬಲಿಯುವುದಿಲ್ಲ. ನಡುವಿನ ದೊಡ್ಡದು ಮೊದಲು, ಆಮೇಲೆ ಪಕ್ಕದವು. ಹಾಗಾಗಿ ಹತ್ತು ದಿನಕ್ಕೊಮ್ಮೆ ನಾಲ್ಕೈದು ಸಲ ಕೊಯ್ಯಬೇಕು. ಎಲ್ಲ ಒಣಗಲಿ ಅಂತ ಕಾದರೆ ಮೊದಲಿನವು ನೆಲಕ್ಕೆ ಉದುರಿರುತ್ತವೆ.

ಬಾಯಿಗೆ ಹಾಕಿಕೊಳ್ಳುವ ಸಣ್ಣ ಹಸಿರು ಕಾಳು ಬೇಕಿದ್ದರೆ ಹೂ ಬಿಟ್ಟು ಮೂವತ್ತರಿಂದ ನಲವತ್ತು ದಿನಕ್ಕೆ, ಕಾಳು ಅರ್ಧ ಬೆಳೆದಿರುವಾಗ ಗೊಂಚಲು ಕತ್ತರಿಸಿ. ಸವಣೂರಿನ ವೀಳ್ಯದೆಲೆ ತಿನ್ನುವ ಹವ್ಯಾಸ ಇರುವವರ ಮನೆಯಲ್ಲಿ ಇದಕ್ಕೇ ಬೇಡಿಕೆ. ಮಸಾಲೆಗೆ ಬೇಕಿದ್ದರೆ ಕಾಳು ದಪ್ಪಗಾಗಿ, ಹಸಿರು ಹಳದಿಗೆ ತಿರುಗುವಾಗ. ಮುಂದಿನ ವರ್ಷದ ಬೀಜಕ್ಕಾದರೆ ಗಿಡದ ಮೇಲೆಯೇ ಕಂದು ಆಗಲು ಬಿಡಿ, ಉದುರದಂತೆ ಗೊಂಚಲಿಗೆ ತೆಳು ಬಟ್ಟೆ ಕಟ್ಟಿ.

ಒಣಗಿಸುವುದು ನೆರಳಲ್ಲಿ. ಮಾರ್ಚ್ ಬಿಸಿಲಿಗೆ ಹಾಕಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ, ಘಮವೂ ಕಡಿಮೆ. ಗೊಂಚಲುಗಳನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಫ್ಯಾನ್ ಗಾಳಿ ಸಾಕು. ಒಂದು ವಾರದಲ್ಲಿ ಕಾಳು ಹಲ್ಲಿಗೆ ಸಿಕ್ಕಾಗ ಪಟ್ ಅಂತ ಮುರಿಯುತ್ತದೆ. ಆಗ ಅಂಗೈಯಲ್ಲಿ ಉಜ್ಜಿ ಬಿಡಿಸಿ, ಮೊರದಲ್ಲಿ ಕೇರಿ ಕಡ್ಡಿ ಹೊಟ್ಟು ತೆಗೆಯಿರಿ. ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರ ಇಡಿ. ಸ್ವಲ್ಪ ಹಸಿ ಉಳಿದರೂ ಬೂಷ್ಟು ಬರುತ್ತದೆ.

ಬೇಸಿಗೆ ಮತ್ತು ಮುಂದಿನ ವರ್ಷ

ಕಾಳು ತೆಗೆದ ಮೇಲೆ ಗಿಡ ಕೀಳುವ ಅವಸರ ಬೇಡ. ಇದು ಬಹುವಾರ್ಷಿಕ ಗಿಡ. ಕಾಂಡವನ್ನು ನೆಲದಿಂದ ನಾಲ್ಕು ಇಂಚು ಬಿಟ್ಟು ಕತ್ತರಿಸಿ, ಬುಡಕ್ಕೆ ಒಂದು ಬೊಗಸೆ ಗೊಬ್ಬರ, ದಪ್ಪ ಹೊದಿಕೆ ಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಸಿರು ಪರದೆ ಕಟ್ಟಿ, ವಾರಕ್ಕೆರಡು ಸಲ ನೀರು ಕೊಟ್ಟರೆ ಬುಡ ಜೀವ ಹಿಡಿದಿರುತ್ತದೆ. ಕುಂಡವಾದರೆ ನೆರಳಿಗೆ ಸರಿಸಿದರೆ ಸಾಕು. ಎಲ್ಲ ಗಿಡ ಬದುಕುವುದಿಲ್ಲ. ಬದುಕಿದ್ದು ಮೊದಲ ಮಳೆಗೆ ಹೊಸ ಕುಡಿ ಒಡೆಯುತ್ತದೆ, ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಅಕ್ಟೋಬರ್ ಹೊತ್ತಿಗೆ ಹೊಸ ಸಸಿಗಳಿಗಿಂತ ಮುಂದಿರುತ್ತದೆ.

ಉದುರಿದ ಕಾಳೂ ಮಳೆಗೆ ತಾನಾಗಿ ಏಳುತ್ತದೆ. ಬೇಡದ ಕಡೆ ಎದ್ದದ್ದನ್ನು ಗೇಣುದ್ದ ಆಗುವ ಮೊದಲೇ ತೆಗೆಯಿರಿ, ಆಮೇಲೆ ತಾಯಿಬೇರು ಸಲಿಕೆಗೂ ಬಗ್ಗುವುದಿಲ್ಲ. ಎರಡು ವರ್ಷ ದಾಟಿದ ಗಿಡದ ಬುಡ ಕಟ್ಟಿಗೆಯಾಗಿ ಸೊಪ್ಪು ಕಡಿಮೆಯಾಗುತ್ತದೆ. ಅದನ್ನು ಹಾರೆ ಹಾಕಿ ಅಗೆದು ತೆಗೆದು, ಆ ಜಾಗಕ್ಕೆ ಮೆಂತ್ಯೆ ಅಥವಾ ರಾಜಗಿರಿ ಬಿತ್ತಿ, ಬಡೇಸೋಪಿಗೆ ಬೇರೆ ಮಡಿ ಮಾಡಿ.